ಮೊದಲ ತಟ್ಟೆಯ ಮೊದಲ ದಿನ

ನವಿಲಹಾಳ, ಕಪ್ಪತಗುಡ್ಡದ ಬಗಲು
ಹದಿಮೂರನೆಯ ತಿಂಗಳ ಇಪ್ಪತ್ತಮೂರನೆಯ ದಿನ, ಇಸವಿ ೨೨೬೭

ಇನ್ನೂರ ನಲವತ್ತು ವರ್ಷ ಹಿಂದೆ ಇರುವ ಹಿರಿಯರಿಗೆ, ಶಾಲೆಯ ಅಡುಗೆಮನೆಯಿಂದ ನೀಲಗಂಗವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಪ್ರತಿ ತಿಂಗಳಿನಿಂದ ಎರಡು ಮೂರು ದಿನ ಕಿತ್ತು, ಹಾಗೆ ಕಿತ್ತದ್ದನ್ನೆಲ್ಲ ಸೇರಿಸಿ ಇಪ್ಪತ್ತೆಂಟು ದಿನದ ಹೊಸ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಅದರ ಹೆಸರು ಕೈಬಿಡುವು. ಈ ತಿಂಗಳು ಶಾಲೆಯಲ್ಲಿ ಅಡುಗೆ ಮಾಡುವವರ ಕೈಗಳಿಗೆ ರಜೆ. ಮಕ್ಕಳ ತಂದೆತಾಯಿಯರು ಪಾಳಿ ಪ್ರಕಾರ ಬಂದು ಅಡುಗೆ ಮಾಡುತ್ತಾರೆ. ಒಂದು ದಿನ ಅನ್ನ ಗಂಜಿಯಾಗುತ್ತದೆ, ಮರುದಿನ ಕಲ್ಲಾಗುತ್ತದೆ. ಮಕ್ಕಳು ತುಟಿ ಪಿಟಕ್ಕೆನ್ನದೆ ಉಣ್ಣುತ್ತಾರೆ, ಆಮೇಲೆ ನಮ್ಮನ್ನು ಬೀದಿಯಲ್ಲಿ ಕಂಡರೆ ಓಡಿ ಬಂದು ಅಪ್ಪಿಕೊಳ್ಳುತ್ತಾರೆ. ಆದ್ದರಿಂದಲೇ ನನಗೆ ಕಾಗದ ಬರೆಯಲು ಪುರುಸೊತ್ತು ಸಿಕ್ಕಿದೆ.

ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ಹಳೆಯ ಪಠ್ಯಪುಸ್ತಕಗಳಿಂದ ಕಲಿತೆ. ಎಲ್ಲಾದರೂ ನಾಲ್ಕನೆಯ ತರಗತಿಯ ಪಾಠದಂತೆ ಕೇಳಿಸಿದರೆ ತಪ್ಪು ಪುಸ್ತಕದ್ದು. ಇನ್ನು ಹಿರಿಯರೇ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ನನಗೆ ಐವತ್ತೆಂಟು, ನಿಮಗೆ ಬಹುಶಃ ಮೂವತ್ತೂ ಆಗಿಲ್ಲ. ಆದರೆ ನನಗಿಂತ ಇನ್ನೂರು ವರ್ಷ ಮೊದಲೇ ಉಂಡು ಎದ್ದವರನ್ನು ಬೇರೆ ಏನೆಂದು ಕರೆಯಲಿ?

ಈ ಕಾಗದ ಹಬೆಯಂಚೆಯಲ್ಲಿ ಬರುತ್ತದೆ. ಅನ್ನದ ದೊಡ್ಡ ಪಾತ್ರೆಯ ಮುಚ್ಚಳ ಮೊದಲ ಸಲ ಏಳುವಾಗ ಕಾಗದವನ್ನು ಹಬೆಗೆ ಹಿಡಿದರೆ ಅಕ್ಷರಗಳು ಹಿಂದಿನ ಕಾಲಕ್ಕೆ ಹೋಗುತ್ತವೆ, ಹಾಳೆ ಬೆಳ್ಳಗಾಗಿ ಕೈಯಲ್ಲಿ ಉಳಿಯುತ್ತದೆ. ಅವು ಎಲ್ಲಿ ಇಳಿಯುತ್ತವೆ ಎಂಬುದು ಯಾರಿಗೂ ಖಚಿತವಿಲ್ಲ. ಬಿಸಿ ಅನ್ನವಿರುವ ಕಡೆ ಇಳಿಯುತ್ತವೆ ಎನ್ನುವುದು ನಮ್ಮ ಹಳಬರ ನಂಬಿಕೆ. ಹಾಗಾಗಿ ನೀವು ಯಾವುದೋ ಶಾಲೆಯ ಅಡುಗೆಮನೆಯ ಹತ್ತಿರವೇ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ಬೆಳಗನ್ನು ನಿಮಗೆ ಹೇಳಬೇಕು. ಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಯಂತ್ರದ ಕಂಬಗಳು ಇನ್ನೂ ನಿಂತಿವೆ. ರೆಕ್ಕೆಗಳು ಎಂದೋ ಉದುರಿವೆ. ಕಂಬಗಳಿಗೆ ಹೀರೇಬಳ್ಳಿ ಹಬ್ಬಿಸಿದ್ದೇವೆ. ಮಂಜಿನ ದಿನಗಳಲ್ಲಿ ಕಾಯಿಗಳು ಮೋಡದೊಳಗಿಂದ ನೇತಾಡುತ್ತಿರುತ್ತವೆ, ತೇಲುಬುಟ್ಟಿಗಳು ಸದ್ದಿಲ್ಲದೆ ಮೇಲೇರಿ ಅವನ್ನು ಕಿತ್ತು ತರುತ್ತವೆ. ಎಷ್ಟೋ ಬುಟ್ಟಿಗಳಲ್ಲಿ ಕಾಯಿಯ ಜೊತೆ ಒಂದಿಷ್ಟು ಮೋಡವೂ ಬಂದುಬಿಡುತ್ತದೆ. ಅದನ್ನು ಚೆಲ್ಲುವುದಿಲ್ಲ, ಬೇಳೆ ತೊಳೆಯಲು ಬಳಸುತ್ತೇವೆ. ಮಕ್ಕಳು ಬರುವಾಗ ಪ್ರತಿಯೊಬ್ಬರೂ ಮನೆಯ ಮಾಳಿಗೆಯಿಂದ ಒಂದು ಬಿಸಿಲುಗಲ್ಲು ತರುತ್ತಾರೆ. ಅದು ಹಿಂದಿನ ದಿನವಿಡೀ ಬಿಸಿಲು ಕುಡಿದ ಕರಿಗಲ್ಲು. ಕಂಬಳಿ ಚೀಲದಲ್ಲಿ ಸುತ್ತಿ, ಹೊಟ್ಟೆಗೆ ಅವಚಿಕೊಂಡು ತಂದು ಒಲೆಯ ಬಾಯಿಗೆ ಇಡುತ್ತಾರೆ. ಕಲ್ಲು ಎಣಿಸಿದರೆ ಹಾಜರಿಯೂ ಆಯಿತು, ಅಕ್ಕಿಯ ಅಳತೆಯೂ ಆಯಿತು. ಹೊಗೆಯೆಂಬುದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ನಿಮ್ಮ ಅಡುಗೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಚಿತ್ರವೊಂದಿದೆ. ಮೊದಲ ಸಲ ಅದನ್ನು ಕಂಡಾಗ, ಪಾಪ, ಯಾರೋ ತೀರಿಕೊಂಡಿರಬೇಕು ಎಂದುಕೊಂಡಿದ್ದೆ.

ಬೇವಿನ ಕೊಂಬೆಗೆ ಹಸಿವಿನ ಗಂಟೆ ತೂಗುಬಿಟ್ಟಿದ್ದೇವೆ. ಅದನ್ನು ಯಾರೂ ಬಾರಿಸುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹಸಿವಾದಾಗ ತಾನಾಗಿ ಬಡಿದುಕೊಳ್ಳುತ್ತದೆ. ಸಾಧಾರಣವಾಗಿ ಹನ್ನೆರಡೂವರೆಗೆ. ಲೆಕ್ಕದ ಪಾಠ ಕಠಿಣವಾಗಿದ್ದ ದಿನ ಹನ್ನೊಂದಕ್ಕೇ ಹೊಡೆದುಕೊಂಡು ನಮ್ಮ ಎದೆ ಧಸಕ್ಕೆನ್ನಿಸುತ್ತದೆ.

ಗಂಟೆಯಾದ ಮೇಲೆ ಮೊದಲ ತಟ್ಟೆ. ಇಡೀ ಕಾಗದ ಬರೆಯುತ್ತಿರುವುದು ಇದಕ್ಕಾಗಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಕ್ಕಳೆಲ್ಲ ಸಾಲಾಗಿ ಕುಳಿತು ತಮ್ಮ ತಟ್ಟೆಗಳನ್ನು ಬೋರಲು ಹಾಕಿಕೊಳ್ಳುತ್ತಾರೆ. ಬೇವಿನ ಕೆಳಗೆ ಮಣೆ ಹಾಕಿ ಮುಖ್ಯ ಅಡುಗೆಯವಳನ್ನು ಕೂರಿಸುತ್ತಾರೆ. ಆ ದಿನದ ಪಾಳಿಯ ಮಗು ಅವಳ ಕೈಗೆ ನೀರು ಹಾಕಿ, ತಾನೇ ಬಡಿಸುತ್ತದೆ. ಅವಳು ಉಣ್ಣುತ್ತಾಳೆ. ಶಾಲೆಗೆ ಶಾಲೆಯೇ ಕಾಯುತ್ತದೆ. ಅವಳು ಉಂಡು ಕೈತೊಳೆದ ಮೇಲೆ ಇನ್ನೂರ ನಲವತ್ತು ತಟ್ಟೆಗಳು ಒಮ್ಮೆಲೇ ಮಗುಚಿಕೊಳ್ಳುವ ಸದ್ದಾಗುತ್ತದೆ. ಹನ್ನೆರಡು ವರ್ಷ ಆ ಮಣೆಯ ಮೇಲೆ ನಾನು ಕೂತೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಹತ್ತು ನಿಮಿಷಕ್ಕಾಗಿಯೇ ನಾನು ಬೆಳಗ್ಗೆ ಏಳುತ್ತಿದ್ದೆ.

ಐದು ತಿಂಗಳ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ನನ್ನ ನಾಲಿಗೆಯ ರುಚಿಯನ್ನು ತೆಗೆದುಕೊಂಡು ಹೋಯಿತು. ರುಚಿ ಹೋದ ಅಡುಗೆಯವರು ಹಾಗೆಂದು ಹೇಳಿ ನೆರಳುಮನೆಗೆ ಹೋಗಬೇಕು ಎಂಬುದು ನಮ್ಮ ಕಟ್ಟಳೆ. ನೆರಳುಮನೆ ಶಿಕ್ಷೆಯಲ್ಲ. ಅಲ್ಲಿ ತೂಗುಮಂಚವಿದೆ, ಮೊಣಕಾಲಿಗೆ ಬಿಸಿನೀರಿನ ತೊಟ್ಟಿಯಿದೆ, ಮೂರು ಹೊತ್ತು ಬೇರೆಯವರು ಮಾಡಿದ ಊಟವಿದೆ. ಆದರೆ ಮಣೆಯಿಲ್ಲ. ಆ ಮಣೆಯ ಆಸೆಗೆ ನಾಲ್ಕು ತಿಂಗಳು ಯಾರಿಗೂ ಹೇಳದೆ ಬಚ್ಚಿಟ್ಟೆ. ಕಣ್ಣಳತೆ, ಕೈಯಳತೆ, ಕುದಿಯುವ ಸದ್ದು, ಇಷ್ಟರಲ್ಲೇ ಅಡುಗೆ ನಡೆಸಿದೆ. ಸಾರು ಕೆಟ್ಟಿರಲಿಲ್ಲ. ನನ್ನ ಕೈ ಮೂವತ್ತೊಂದು ವರ್ಷದ ಕೈ.

ಕಳೆದ ತಿಂಗಳು ಒಂದು ದಿನ ಗಂಟೆ ಹನ್ನೊಂದಕ್ಕೇ ಹೊಡೆದುಕೊಂಡಿತು. ಒಲೆಯಲ್ಲಿ ಹೀರೇಕಾಯಿ ಸಾರು ಕುದಿಯುತ್ತಿತ್ತು. ಉಪ್ಪು ಹಾಕಿದ್ದೆನೋ ಇಲ್ಲವೋ? ಮೊದಲಾಗಿದ್ದರೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದೆ. ಆವತ್ತೂ ಹಾಗೆಯೇ ಮಾಡಿದೆ. ಹಾಕಿದ್ದರೂ ಹಾಕದಿದ್ದರೂ ನನ್ನ ನಾಲಿಗೆಗೆ ಎರಡೂ ಒಂದೇ ಎನ್ನುವುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಸಪ್ಪಗಿದೆ ಎಂದುಕೊಂಡು ಹಾಕಿದೆ. ಅದು ಎರಡನೆಯ ಸಲದ ಉಪ್ಪಾಗಿತ್ತು.

ಮಣೆಯ ಮೇಲೆ ಕೂತೆ. ಮೂರನೆಯ ತರಗತಿಯ ಜೈನಾಬಿ ಬಡಿಸಿದಳು. ನಾನು ಎಂದಿನಂತೆ ತಲೆದೂಗುತ್ತ, ಜಂಬದಿಂದ, ನಗುನಗುತ್ತ ಅಷ್ಟನ್ನೂ ಉಂಡೆ. ತಟ್ಟೆಗಳು ಮಗುಚಿಕೊಂಡವು. ಇನ್ನೂರ ನಲವತ್ತು ಮಕ್ಕಳು ಒಂದು ಅಗುಳು ಬಿಡದೆ ಉಂಡರು. ಸಂಜೆಯವರೆಗೆ ಬರುವ ನೀರಿನ ಕೊಡಗಳು ಎರಡು ಗಂಟೆಗೆ ಬರಿದಾದಾಗ ನನಗೆ ಏನೋ ಹೊಳೆಯಿತು. ನಾನೂ ನಾಲ್ಕು ತಂಬಿಗೆ ಕುಡಿದಿದ್ದೆ, ಸೆಕೆ ಎಂದುಕೊಂಡಿದ್ದೆ. ಜೈನಾಬಿಯನ್ನು ಕರೆದು ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು:

"ಉಪ್ಪ ಭಾಳ ಆಗಿತ್ತ ಆಯಿ. ಆದ್ರ ನೀ ನಕ್ಕೋತ ಉಂಡಿ. ಅದಕ್ಕ ನಾವೂ ಉಂಡ್ವಿ."

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ನಿಮ್ಮಲ್ಲೂ ಇತ್ತಂತೆ. ಇಲ್ಲಿ ತಪ್ಪು ನನ್ನದು, ನೀರು ಕುಡಿದವರು ಮಕ್ಕಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಅದೇ ಸಂಜೆ ಊಟದ ಕೂಟದ ಮುಂದೆ ಎಲ್ಲ ಒಪ್ಪಿಕೊಂಡೆ. ಊಟದ ಕೂಟ ಎಂದರೆ ತಂದೆತಾಯಿ, ಮೇಷ್ಟ್ರು, ಅಡುಗೆಯವರು ಮತ್ತು ಹತ್ತು ದಾಟಿದ ಮಕ್ಕಳು ಸೇರಿ ಶಾಲೆಯ ಊಟದ ವಿಷಯ ತೀರ್ಮಾನಿಸುವ ಸಭೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೈಬಿಡುವು ಮುಗಿದ ಕೂಡಲೇ ನಾನು ನೆರಳುಮನೆಗೆ ಹೋಗುವುದೆಂದಾಯಿತು. ನ್ಯಾಯವೇ ಅದು, ಒಪ್ಪಿದ್ದೇನೆ.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ವಿರೂಪಣ್ಣ ಎಂಬ ಮೇಷ್ಟ್ರು ಎದ್ದು ನಿಂತರು. ಕೆಟ್ಟವರಲ್ಲ, ನನ್ನ ಸಾರನ್ನೇ ಉಂಡು ಬೆಳೆದವರು. "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೊದಲ ತಟ್ಟಿ ಹುಟ್ಟಿದ್ದ ಪರೀಕ್ಷಾಕ್ಕ. ಅನ್ನ ಕೆಟ್ಟೈತೇನು ಅಂತ ನೋಡಾಕ. ಇವತ್ತ ಉಪ್ಪಾತು, ನಾಳೆ ಹಳಸಿದ್ದಾದ್ರ? ಮಕ್ಕಳು ನಿಮ್ಮ ಮಾರಿ ನೋಡಿ ಅದನ್ನೂ ಉಣ್ತಾವ" ಎಂದರು. ನಾಲಿಗೆಪಟ್ಟಿ ಎಂಬುದೊಂದು ಬಂದಿದೆ, ಸಾರಿನಲ್ಲಿ ಅದ್ದಿದರೆ ಸಾಕು, ಉಪ್ಪು ಹುಳಿ ಹಳಸು ಎಲ್ಲ ಹೇಳುತ್ತದೆ. ಇನ್ನು ಮುಂದೆ ಪಟ್ಟಿ ಸಾಕು, ಮಣೆ ಬೇಡ, ಮಕ್ಕಳನ್ನು ಹಸಿವಿನಲ್ಲಿ ಕಾಯಿಸುವುದೂ ಬೇಡ ಎನ್ನುವುದು ಅವರ ವಾದ. ಪಟ್ಟಿ ಬರಲಿ ಎಂದು ನಾನೇ ಮೊದಲು ಕೈಯೆತ್ತಿದೆ. ಮಣೆ ತೆಗೆಯಲು ಮಾತ್ರ ಎತ್ತಲಿಲ್ಲ. ಆ ತೀರ್ಮಾನ ಈ ತಿಂಗಳ ಕೊನೆಯ ದಿನಕ್ಕೆ ಉಳಿದಿದೆ.

ಎತ್ತದಿದ್ದದ್ದು ನನಗಾಗಿ ಅಲ್ಲ. ನನ್ನ ಮಣೆ ನಾನೇ ಕಳೆದುಕೊಂಡೆ. ನನ್ನ ಜೊತೆ ಗುರುಬಸವ್ವ ಎಂಬವಳಿದ್ದಾಳೆ. ಹತ್ತೊಂಬತ್ತು ವರ್ಷದಿಂದ ನನ್ನ ಎರಡನೆಯ ಕೈ. ಪಾತ್ರೆ ಇಳಿಸುವವಳು ಅವಳು, ಅಕ್ಕಿ ಆರಿಸುವವಳು ಅವಳು, ಉಣ್ಣದ ಮಗುವನ್ನು ಕಂಬದ ಹಿಂದಿನಿಂದ ಹುಡುಕಿ ತರುವವಳೂ ಅವಳೇ. ನನ್ನ ನಂತರ ಮಣೆ ಅವಳದು. ಹನ್ನೆರಡು ವರ್ಷ ನಾನು ಮಣೆಯ ಮೇಲೆ ಉಣ್ಣುವುದನ್ನು ಅವಳು ನಿಂತು ನೋಡಿದ್ದಾಳೆ, ಒಂದು ದಿನವೂ ಮುಖ ಸಣ್ಣದು ಮಾಡಿಲ್ಲ. ಸಭೆ ಮುಗಿದು ಬರುವಾಗ ಅವಳೇ ಅಂದಳು: "ಇರ್ಲಿ ಬಿಡ್ರಿ ಅಕ್ಕಾರ. ನಿಂತ ಉಂಡ್ರೂ ಹೊಟ್ಟಿ ತುಂಬತೈತಿ."

ಮರುದಿನವೇ ಕಾಗದದ ಮನೆಗೆ ಹೋದೆ. ನಿಮ್ಮ ಕಾಲದ ಹಾಳೆಗಳನ್ನೆಲ್ಲ ಅಲ್ಲಿ ಬೇವಿನಸೊಪ್ಪಿನ ನಡುವೆ ಮಲಗಿಸಿಟ್ಟಿದ್ದಾರೆ. ಮೊದಲ ತಟ್ಟೆ ಏಕೆ ಹುಟ್ಟಿತು ಎಂದು ಹುಡುಕಿದೆ. ಬಿಸಿಯೂಟ ಎಂಬ ಚಂದದ ಹೆಸರು ಸಿಕ್ಕಿತು. ಅಡುಗೆಯವರ ಸಂಬಳಕ್ಕೆ ಗೌರವಧನ ಎನ್ನುತ್ತಿದ್ದಿರಂತೆ, ಅದರಲ್ಲಿ ಗೌರವ ಎಷ್ಟಿತ್ತು ಧನ ಎಷ್ಟಿತ್ತು ಎಂದು ನಾನು ಕೇಳಲು ಹೋಗುವುದಿಲ್ಲ. ಮಕ್ಕಳಿಗಿಂತ ಅರ್ಧ ಗಂಟೆ ಮೊದಲು ಅಡುಗೆಯವರು, ಮೇಷ್ಟ್ರು ರುಚಿ ನೋಡಬೇಕೆಂಬ ಬರಹವೂ ಸಿಕ್ಕಿತು. ವಿರೂಪಣ್ಣನ ಮಾತಿಗೆ ಅದು ಸಾಕ್ಷಿ.

ಆದರೆ ಅದು ನಿಂತು, ಅಂಗೈಯಲ್ಲಿ, ಒಂದು ತುತ್ತು. ಕೂತು ಉಣ್ಣುವ ಊಟವಲ್ಲ. ಚಿತ್ರಗಳನ್ನೂ ನೋಡಿದೆ. ನಿಮ್ಮ ಕಾಲದ ಯಾವ ಚಿತ್ರದಲ್ಲೂ ಅಡುಗೆಯವರು ಕೂತಿಲ್ಲ. ಮಕ್ಕಳು ಸಾಲಾಗಿ ಕೂತಿರುತ್ತಾರೆ, ಇವರು ಸೌಟು ಹಿಡಿದು ಹಿಂದೆ ನಿಂತಿರುತ್ತಾರೆ, ಅರ್ಧ ಮುಖ ಚಿತ್ರದ ಆಚೆಗೆ ಹೋಗಿರುತ್ತದೆ. ನಲವತ್ತು ವರ್ಷ ಆದಮೇಲಿನ ಚಿತ್ರಗಳಲ್ಲಿ ಅಡುಗೆಯವಳು ಮಣೆಯ ಮೇಲಿದ್ದಾಳೆ, ಮಕ್ಕಳು ಕಾಯುತ್ತಿದ್ದಾರೆ. ನಡುವಿನ ನಲವತ್ತು ವರ್ಷದ ಹಾಳೆಗಳನ್ನು ಗೆದ್ದಲು ತಿಂದಿದೆ. ಆ ನಡುವೆ ಎಲ್ಲೋ ಒಂದು ಮಧ್ಯಾಹ್ನ ಯಾರೋ ಒಬ್ಬರು ಅವಳನ್ನು ಮೊದಲ ಸಲ ಕೂರಿಸಿದ್ದಾರೆ. ಪರೀಕ್ಷೆಗೆಂದು ಕೂರಿಸಿದರೋ, ಬೆಳಗಿನಿಂದ ನಿಂತು ಕಾಲು ಸೋತಿದ್ದಾಳೆ ಎಂದು ಕೂರಿಸಿದರೋ, ಹೇಳುವವರು ಇಲ್ಲ. ಮೊದಲನೆಯದಾದರೆ ವಿರೂಪಣ್ಣ ಹೇಳಿದ್ದೇ ಸರಿ, ಪಟ್ಟಿ ಬಂದ ಮೇಲೆ ಮಣೆ ಯಾಕೆ? ಎರಡನೆಯದಾದರೆ ಗುರುಬಸವ್ವನ ಮಣೆಯನ್ನು ಯಾವ ಪಟ್ಟಿಯೂ ಕಸಿದುಕೊಳ್ಳಲಾರದು.

ಆ ಮಧ್ಯಾಹ್ನ ನಿಮಗೆ ಇನ್ನೂ ಬಂದಿಲ್ಲ ಎಂದು ನನ್ನ ಊಹೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ. ನೀವು ಮೇಷ್ಟ್ರಾಗಿರಿ, ತಾಯಿಯಾಗಿರಿ, ಯಾರೇ ಆಗಿರಿ, ನಾಳೆ ಊಟದ ಹೊತ್ತಿಗೆ ನಿಮ್ಮ ಶಾಲೆಯ ಅಡುಗೆಮನೆಗೆ ಹೋಗಿ. ಅಲ್ಲಿ ಅಡುಗೆ ಮಾಡುವವಳಿಗೆ ಒಂದು ಮಣೆಯೋ ಕುರ್ಚಿಯೋ ಹಾಕಿ ಕೂರಿಸಿ. "ಬ್ಯಾಡ್ರಿ, ಕೆಲಸೈತಿ, ಆಮ್ಯಾಲ ಉಣ್ತೀನಿ" ಎನ್ನುತ್ತಾಳೆ. ನಾವೆಲ್ಲ ಹಾಗೆಯೇ ಅನ್ನುವುದು, ಕಿವಿಗೆ ಹಾಕಿಕೊಳ್ಳಬೇಡಿ. ಕೈಗೆ ನೀರು ಹಾಕಿ, ಬಿಸಿ ಇರುವಾಗಲೇ ಬಡಿಸಿ. ಅವಳು ಗಬಗಬ ಉಣ್ಣುತ್ತ ಒಲೆಯ ಕಡೆಗೇ ನೋಡುತ್ತಾಳೆ. ನಿಧಾನಕ್ಕೆ ಉಣ್ಣಿ ಎಂದು ಹೇಳಿ. ಮಕ್ಕಳು ಹತ್ತು ನಿಮಿಷ ಕಾದರೆ ಏನೂ ಆಗುವುದಿಲ್ಲ, ಕಾಯುವುದನ್ನು ಕಲಿಯುತ್ತಾರೆ. ಸಾರು ಹೇಗಿದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಆಮೇಲೆ ಅದನ್ನು ಒಂದು ಹಾಳೆಯಲ್ಲಿ ಬರೆದು ಗೆದ್ದಲು ಮುಟ್ಟದ ಕಡೆ ಇಡಿ. ನಾನು ದಿನಾ ಕಾಗದದ ಮನೆಗೆ ಹೋಗಿ ನೋಡುತ್ತಿರುತ್ತೇನೆ. ನಿಮಗೆ ಇನ್ನೂ ಎಷ್ಟೋ ವರ್ಷಗಳಿವೆ, ನನಗಿರುವುದು ಐದು ದಿನ. ಏಕೆ ಕೂರಿಸಿದಿರಿ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದರೂ ಸಾಕು. ಹೆಸರುಗಳನ್ನೂ ಬರೆಯಿರಿ. ಕೂತು ಉಂಡವಳ ಹೆಸರು ಮೊದಲು, ಬಡಿಸಿದವರದು ಆಮೇಲೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಉಣಬಡಿಸಿದವಳು,
ನೀಲಗಂಗವ್ವ