ನೀನು ಹೇಳಿದ ಊರು

ಶಿಕಾರಿಪುರ

ಚಿ. ಗಂಗಾಶ್ರೀಗೆ ಅಪ್ಪಾಜಿಯ ಆಶೀರ್ವಾದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿದೇಶದಲ್ಲಿ ಆರು ತಿಂಗಳು ಓದಲು ಊರು ಆರಿಸಿಕೊಳ್ಳಿ ಎಂದು ಕಾಲೇಜಿನವರು ಹೇಳಿದಾಗ, ನಮ್ಮವನೊಬ್ಬ ಇರುವ ಲಂಡನ್ನೇ ಆಗಬೇಕೆಂದು ಹಟ ಹಿಡಿದವನು ನಾನು. ನಿನ್ನೆ ಸೊರಬಕ್ಕೆ ಹೋಗಿ ಲಂಡನ್ನಿನಲ್ಲಿ ನಿನ್ನನ್ನು ನೋಡಿಕೊಳ್ಳಲು ಹೇಳೆಂದು ನಿನ್ನ ಅತ್ತೆಯ ಕೈಲಿ ಅವಳ ಮಗ ಗುರುಪ್ರಕಾಶನಿಗೆ ಫೋನ್ ಮಾಡಿಸಿದೆ. ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ. “ಅವಳ ಜವಾಬ್ದಾರಿ ನನ್ನ ತಲೆಗೆ ಕಟ್ಟಬೇಡಮ್ಮ. ಮಾವಂಗೆ ಏನಾದ್ರೂ ಸುಳ್ಳು ಹೇಳು” ಅಂದ. ಅತ್ತೆ ತಲೆ ಎತ್ತದೆ ಇನ್ನೊಂದು ಲೋಟ ಚಾ ಕೊಟ್ಟಳು, ಕುಡಿದು ಬಂದೆ.

ಇದು ಅಮ್ಮನಿಗೆ ಗೊತ್ತಾಗುವುದು ಬೇಡ. ಅತ್ತೆ ಫೋನ್ ಮಾಡಿದರೆ ಮೊದಲಿನ ಹಾಗೇ ಮಾತಾಡು.

ನೀನು ಆಸೆಪಟ್ಟ ಊರಿಗೇ ಹೋಗು. ಅದರ ಹೆಸರನ್ನು ಅವತ್ತು ನಾನು ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಮ್ಮೆ ಹೇಳು ಮಗಾ.

ನಿನ್ನ ಅಪ್ಪಾಜಿ