ಜಾಮ್ ಬಾಟಲಿಯ ಮಹಾರಾಜರು

ಜುಲೈ 3, ಬೆಳಿಗ್ಗೆ

ಹಲ್ಲುಜ್ಜುತ್ತಿರುವಾಗಲೇ ವಿಚಾರಣೆ. ಅಪ್ಪನ ಕೈಯಲ್ಲಿ ಜೋಳದ ಸುಳಿಗಳು, ಹದಿನಾಲ್ಕು. ಸುತ್ತಲಿನ ಎಲೆಗಳು ಹಸಿರಾಗಿಯೇ ಇವೆಯಂತೆ, ನಡುವಿನದು ಮಾತ್ರ ಒಣಗಿದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಅಂದಮೇಲೆ ಕಿತ್ತು ಮತ್ತೆ ಸಿಕ್ಕಿಸಿದವಳು ನಾನೇ ಅಂತೆ. ಹೋದ ತಿಂಗಳು ಕುಂಡಗಳಲ್ಲಿ ಪ್ಲಾಸ್ಟಿಕ್ ಹೂ ನೆಟ್ಟವಳಿಗೆ ಬೇರೆ ಸಾಕ್ಷಿ ಯಾಕೆ?

ನನಗೆ ಹೆದರಿಯೇ ಹೊಲಕ್ಕೆ ಬೇಲಿ, ಗೇಟಿಗೆ ಬೀಗ. ಅದೆಲ್ಲ ಮುಗಿದ ಮೇಲೆ ಬಿತ್ತನೆ — ಮೂರು ವಾರ ತಡ.

"ಇನ್ನು ಹೊಲದ ಕಡೆ ತಲೆ ಹಾಕ್ಬೇಡ," ಅಂದರು. ಬೈದಿದ್ದರೆ ನಗುತ್ತಿದ್ದೆ. ಬೈಯಲಿಲ್ಲ.

ಮಧ್ಯಾಹ್ನ

ಬೇಲಿ ಹಾರಿದೆ. ನ್ಯಾಯಕ್ಕಾಗಿ. ಮೂರು ಸಸಿ ಬೇರು ಸಮೇತ ತಂದೆ. ಒಂದನ್ನು ಬ್ಲೇಡಿನಿಂದ ಸೀಳಿದರೆ ಕೊಳೆತ ನಾತ... ಒಳಗೆ ಬೆಣ್ಣೆ ಬಣ್ಣದ ಹುಳ! ಕಾಲಿಲ್ಲ, ತಲೆ ಎಲ್ಲಿದೆಯೋ. ಅಮ್ಮನಿಗೆ ತೋರಿಸಿದೆ.

"ಹುಳಾನೂ ನೀನೇ ಬಿಟ್ಟಿದ್ದು ಅಂತಾರೆ ನಿಮ್ಮಪ್ಪ."

ಅದೂ ಸರಿ. ಹುಳ ಎಲ್ಲಿಂದ ಬಂತೆಂದು ತೋರಿಸಬೇಕು. ಉಳಿದೆರಡು ಸಸಿ ಜಾಮ್ ಬಾಟಲಿಯ ಒದ್ದೆ ಮಣ್ಣಿನಲ್ಲಿ. ಬಾಯಿಗೆ ಹಳೇ ದುಪಟ್ಟಾ ತುಂಡು. ಹುಳ ಮಹಾರಾಜರ ಅರಮನೆ ಸಿದ್ಧ.

ಜುಲೈ 10

ಒಂದು ಕಾಂಡ ಸೀಳಿದೆ. ಹುಳವಿಲ್ಲ, ಕಂದು ಗೂಡು — ಗೋಧಿ ಕಾಳಿಗಿಂತ ಚಿಕ್ಕದು. ಮೆಲ್ಲಗೆ ಮಣ್ಣಿಗೆ ಸೇರಿಸಿದೆ. ಫ್ರಿಜ್ ಮೇಲೆ ಪ್ರಕಟಣೆ: "ಮಹಾರಾಜರು ಏಕಾಂತದಲ್ಲಿದ್ದಾರೆ. ಭೇಟಿಗೆ ಅವಕಾಶವಿಲ್ಲ." ಅಪ್ಪ ಓದಿದರು. ನಗಲಿಲ್ಲ.

ಜುಲೈ 18, 7:20

ಬಾಟಲಿಯ ಗೋಡೆ ಮೇಲೆ ಬೂದು ಬಣ್ಣದ ನೊಣ! ಮನೆ ನೊಣದ ಅರ್ಧದಷ್ಟೂ ಇಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಮೆರವಣಿಗೆಯಲ್ಲಿ ಹೋದೆ. ಪಕ್ಕದ ಹೊಲದ ಮಾವ ಅಪ್ಪನ ಜೊತೆ ಟೀ ಕುಡಿಯುತ್ತಿದ್ದರು. ಕನ್ನಡಕ ಏರಿಸಿ ನೋಡಿದರು.

"ಸುಳಿ ನೊಣ ಕಣಯ್ಯಾ. ಎಲೆ ಅಡಿ ಮೊಟ್ಟೆ ಇಡುತ್ತೆ, ಮರಿ ಸುಳಿಗೆ ಇಳಿದು ತಿನ್ನುತ್ತೆ. ತಡವಾಗಿ ಬಿತ್ತಿದೋರಿಗೇ ಕಾಟ ಜಾಸ್ತಿ. ನನ್ನ ಹೊಲ ನೋಡು, ಏನಾಗಿದೆ?"

ಅಪ್ಪ ಬೇಲಿ ನೋಡಿದರು. ಆಮೇಲೆ ನನ್ನನ್ನು. ನಾನು ಬಾಟಲಿಯನ್ನು ಅವರ ಟೀ ಲೋಟದ ಪಕ್ಕದಲ್ಲೇ ಇಟ್ಟೆ.

"ಮುಂದಿನ ಸಲ ಮೊದಲು ಬಿತ್ತೋಣ. ಬೇಲಿ ಆಮೇಲೆ." ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. "ದಿನಾ ಎಲೆ ತಿರುಗಿಸಿ ಮೊಟ್ಟೆ ನೋಡೋ ಕೆಲಸ ನಿಂದು ಕಣಮ್ಮ."

ಜುಲೈ 19, ಸಂಜೆ

ಗೇಟಿನ ಮೂಲಕ ಹೊಲ ಪ್ರವೇಶಿಸಿದೆ. ಗಾಂಭೀರ್ಯದಿಂದ. ಎಂಟು ಸಾಲು ನೋಡಿದೆ. ಎಲೆಯಡಿ ಬಿಳಿ ಮೊಟ್ಟೆ ನಾಲ್ಕು, ಎಳ್ಳಿಗಿಂತ ಸಣ್ಣವು. ಒರೆಸಿ ಹಾಕಿದೆ. ಅಪ್ಪ ಪೋಸ್ಟ್‌ಮ್ಯಾನ್‌ಗೆ ಹೇಳುತ್ತಿದ್ದರು, ನೊಣದ ವಿಷಯವೆಲ್ಲ ನನ್ನ ಮಗಳನ್ನು ಕೇಳಿ ಅಂತ. ಪೋಸ್ಟ್‌ಮ್ಯಾನ್ ಏನೂ ಕೇಳಿರಲೇ ಇಲ್ಲ, ಪಾಪ.

ಬೀಗದ ಕೈ ಬರೆಯುವಾಗಲೂ ಎಡಗೈಯಲ್ಲೇ ಇದೆ. ಇಂಥ ಜವಾಬ್ದಾರಿ ಎಲ್ಲರಿಗೂ ಸಿಗುವುದಿಲ್ಲ. ಬೀಗ ಹಾಕಿ, ಎರಡು ಸಲ ಎಳೆದು ನೋಡಿ... ಹಾಕಿದೆನಲ್ಲ? ಗೇಟು ಮುಂದೆ ಮಾಡಿದೆ, ಪೋಸ್ಟ್‌ಮ್ಯಾನ್ ಕರೆದರು, ಆಮೇಲೆ —