ಕತ್ತರಿ ಮೇಜಿನ ಮೇಲಿನ ಸಹಿ

ಭಾನುವಾರ, ಬೆಳಿಗ್ಗೆ

ಮಗಳೇ,

ನಿನ್ನ ಪತ್ರದ ಜೊತೆ ಒಪ್ಪಂದದ ಕರಡೂ ಬಂತು. ಮದುವೆಗೆ ಮುಂಚೆಯೇ ಯಾವ ಆಸ್ತಿ ಯಾರದೆಂದು ಬರೆದಿಡುವುದು ಜಾಣತನ. ನಿನ್ನ ಹುಡುಗ ನಗುನಗುತ್ತಾ ಒಪ್ಪಿದನಂತೆ. ನಿನ್ನಪ್ಪನೂ ನಗುನಗುತ್ತಲೇ ಒಪ್ಪಿದ್ದರು. ಇದಕ್ಕೆ ನಾನು ಸಾಕ್ಷಿ ಹಾಕಬೇಕಂತೆ. ನಿನ್ನ ಧೈರ್ಯವನ್ನು ಮೆಚ್ಚಬೇಕು.

ನಮ್ಮ ಒಪ್ಪಂದಕ್ಕೆ ಸಹಿ ಬಿದ್ದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹೊಲಿಗೆ ಅಂಗಡಿಯ ಕತ್ತರಿ ಮೇಜಿನ ಮೇಲೆ, ಅರ್ಧ ಕತ್ತರಿಸಿದ ಕೋಟನ್ನು ಪಕ್ಕಕ್ಕೆ ಸರಿಸಿ. ಬೇರೆಯಾದರೆ ಮನೆ ನಿನ್ನಪ್ಪನಿಗೆ, ಅಂಗಡಿ ನನಗೆ. ಹೊರಗಿನವರಿಬ್ಬರು ಸಾಕ್ಷಿ ಹಾಕಲಿ ಎಂದು ವಕೀಲರು ಹೇಳಿಯೇ ಇದ್ದರು. ನನಗೋ ಮಾನದ ಚಿಂತೆ. ಮನೆ ಮಾತು ಬೀದಿಗ್ಯಾಕೆ, ನಮ್ಮ ಅಂಗಡಿಯ ಇಸ್ತ್ರಿ ತಾತ ಇದಾರೆ, ಮಗಳಿದಾಳೆ, ಸಾಕು ಬಿಡಿ ಅಂದೆ. ಆ ಬುದ್ಧಿವಂತಿಕೆ ನನ್ನದೇ. ತಾತ ಮರುವರ್ಷ ತೀರಿಕೊಂಡರು. ನೀನು ಉಳಿದೆ.

ಅಪ್ಪ ಕನ್ನಡಕ ಮರೆತು ಬಂದಿದ್ದರೆಂದು ಒಪ್ಪಂದವನ್ನು ಗಟ್ಟಿಯಾಗಿ ಓದಿದವಳು ನೀನು. ಜಗಳಕ್ಕೂ ಮುಂಚಿತವಾಗೇ ಅಳತೆ ತಗೊಂಡ್ರಾ ಅಂತ ನಮ್ಮನ್ನು ರೇಗಿಸಿದೆ.

ನಾವು ಬೇರೆಯಾದಾಗ ಕೋರ್ಟಿನಲ್ಲಿ ನಿನ್ನಪ್ಪ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಆಮೇಲೆ ಬರೆದುಕೊಂಡಿದ್ದಾಳೆ ಎಂದರು. ಗಂಡ ಬಾಯಿಗೆ ಬಂದದ್ದು ಹೇಳಿಯಾನು, ಮಗಳಿದ್ದಾಳಲ್ಲ ಎಂದು ಧೈರ್ಯವಾಗಿ ಕೂತಿದ್ದೆ. ನೀನು ಕಟಕಟೆ ಹತ್ತಿ, ಹಾಳೆಯಲ್ಲಿ ಏನಿತ್ತೋ ನೆನಪಿಲ್ಲ ಅಂದೆ. ಗಂಡ ತಿಳಿದು ಒಪ್ಪಿದ್ದಕ್ಕೆ ಪುರಾವೆ ಇಲ್ಲ, ಇಂಥ ಒಪ್ಪಂದ ಜಾರಿ ಮಾಡಲಾಗದು ಎಂದರು ನ್ಯಾಯಾಧೀಶರು. ನಿನ್ನಪ್ಪನ ಹೆಸರಿನಲ್ಲಿದ್ದ ಅಂಗಡಿ ಅವರಿಗೇ ಉಳಿಯಿತು. ನಾನೀಗ ನನ್ನ ಬಳಿಯೇ ಕಲಿತವಳ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತೇನೆ. ಕೈ ನಿಧಾನ ಆಯ್ತು ಎಂದು ಅವಳ ದೂರು.

ನಿನ್ನ ಕರಡಿನ ಮೊದಲ ಸಾಲು ಓದಿದೆ. ತಂದೆ ಕೊಟ್ಟ ಹೊಲಿಗೆ ಅಂಗಡಿ ನಿನ್ನೊಬ್ಬಳದೇ ಎಂದಿದೆ. ಕಟಕಟೆಯಲ್ಲಿ ನಿನ್ನ ಮರೆವು ಎಷ್ಟಕ್ಕೆ ಮಾರಾಟವಾಯಿತೆಂದು ಆಗ ತಿಳಿಯಿತು. ತಾಯಿಯಾದವಳು ಹೀಗೆ ಬರೆಯಬಾರದು, ಗೊತ್ತು. ಆದರೆ ಹೊಟ್ಟೆ ಉರಿಯುತ್ತಿದೆ ಮಗಳೇ. ಗಂಡನ ಸುಳ್ಳಿಗೆ ನಾನು ಅಳಲಿಲ್ಲ. ನಿನ್ನದಕ್ಕೆ ಅತ್ತೆ.

ಸಲಹೆ ಕೇಳಿದ್ದೀಯ ಎಂದು ಹೇಳುತ್ತೇನೆ. ಇಬ್ಬರಿಗೂ ಬೇರೆ ಬೇರೆ ವಕೀಲರಿರಲಿ. ಸಾಕ್ಷಿಗೆ ಹೊರಗಿನವರನ್ನೇ ಕರೆ, ಮನೆಯವರನ್ನು ನಂಬಬೇಡ.

ಇಂತಿ,
ನಿನ್ನನ್ನು ಹೆತ್ತವಳು

ಮತ್ತೊಂದು ಮಾತು: ಇಷ್ಟು ಓದಿದ ಮೇಲೂ ಕರೆದರೆ ಬಂದು ಸಹಿ ಹಾಕುತ್ತೇನೆ. ಮುಂದೆ ನಿನ್ನ ಗಂಡ ಮಾತು ತಪ್ಪಿದರೆ ಕೋರ್ಟಿಗೂ ಬರುತ್ತೇನೆ. ಆ ಅಂಗಡಿ ನಿನ್ನದೇ ಎಂದು ನನ್ನ ಬಾಯಿಂದಲೇ ಹೇಳುತ್ತೇನೆ.